‘ನೋಡೋಣ’ ಎಂದವರನ್ನು ನಂಬಿದ ಮನೆ

ಅಟ್ಲಾಂಟಾದ ಹತ್ತಿರ, ನಾವೀಗಿರುವ ಸುವಾನಿಯ ಅಂಗಡಿಯಿಂದ ತಂದ ಕಾಫಿಪುಡಿಯಲ್ಲಿ ಈ ಸಲ ಚಿಕೋರಿ ಹೆಚ್ಚಾಗಿತ್ತು. ಪೊಟ್ಟಣ ಕತ್ತರಿಸುತ್ತಲೇ ಸೀದ ಬೆಲ್ಲದಂಥ ಆ ಕಹಿ ವಾಸನೆ ಮೂಗಿಗೆ ಬಡಿಯಿತು. ನನಗೆ ಮೈಸೂರು ನೆನಪಾಗಬೇಕಿತ್ತು. ನೆನಪಾದದ್ದು ಮೊದಲು ನಾವಿದ್ದ ಊರು ರಾಕ್‌ವಿಲ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಫ್ರೆಂಚ್ ಹುಡುಗ...

ಫ್ರಾನ್ಸಿನ ಉತ್ತರದ ಒಂದು ಸಣ್ಣ ಊರಿನವನು. ಅವರ ಕಡೆಯೂ ಚಿಕೋರಿ ಕುಡಿಯುತ್ತಾರೆಂದು ನನಗೆ ತಿಳಿದದ್ದು ಅವನಿಂದಲೇ. ಅಮ್ಮ ಕಳಿಸಿದ ಡಬ್ಬಿಯನ್ನು ಕೈಯಲ್ಲಿ ಹಿಡಿದುಕೊಂಡೇ ಒಂದು ಲೋಟ ಹಾಲು ಕೇಳಲು ಬಾಗಿಲು ತಟ್ಟಿದ್ದ. ಕೋವಿಡ್ ಕಳೆದು, ಜನ ಮತ್ತೆ ಒಬ್ಬರ ಮನೆಗೊಬ್ಬರು ಹೋಗಿಬರಲು ಶುರುಮಾಡಿದ್ದ ಕಾಲ. ಅವನು ಕಾಲೇಜೊಂದರಲ್ಲಿ ಫ್ರೆಂಚ್ ಕಲಿಸುತ್ತಿದ್ದ. ಮನಸ್ಸೆಲ್ಲ ಬರವಣಿಗೆಯಲ್ಲಿತ್ತು. ತನ್ನೂರಿನ ಕಾಲುವೆಯ ದೋಣಿಯವರ ಬಗ್ಗೆ ಒಂದು ಕಾದಂಬರಿ ಅರ್ಧ ಬರೆದಿದ್ದ. ಮಧ್ಯಾಹ್ನಗಳಲ್ಲಿ ಅದರ ಒಂದೊಂದು ಭಾಗವನ್ನು ಇಂಗ್ಲಿಷಿನಲ್ಲಿ ಹೇಳುವಾಗ ನನ್ನ ಒಲೆಯ ಮೇಲಿನ ಹಾಲು ಉಕ್ಕಿಹೋದದ್ದುಂಟು.

ಕಾಲೇಜಿನ ಕೆಲಸ ವರ್ಷದ ಕೊನೆಗೆ ಮುಗಿಯುವುದಿತ್ತು, ಅದರೊಂದಿಗೆ ವೀಸಾ ಕೂಡ. ಇಲ್ಲೇ ಉಳಿದು ಪುಸ್ತಕ ಮುಗಿಸಬೇಕೆಂದರೆ ಯಾರಾದರೂ ದೊಡ್ಡವರ ಆಸರೆ ಬೇಕು. ಅವನಿಗಿಂತ ಹೆಚ್ಚಾಗಿ ಇದು ಅವನಮ್ಮನಿಗೆ ಗೊತ್ತಿತ್ತು. ಆಕೆ ಫೋನನ್ನು ನಂಬದ ಹೆಂಗಸು, ಕೈಯಲ್ಲೇ ಕಾಗದ ಬರೆಯುತ್ತಿದ್ದರು. ಬಂದ ಕಾಗದವನ್ನು ಅವನು ನಮ್ಮ ಮನೆಗೆ ತಂದು ಓದಿ, ಸಾಲುಸಾಲಾಗಿ ಅರ್ಥ ಹೇಳುತ್ತಿದ್ದ. ಕ್ಷೇಮಸಮಾಚಾರ ಅದರಲ್ಲಿ ಕಡಿಮೆ. ಯಾರನ್ನು ಹೋಗಿ ಕಾಣಬೇಕು, ಯಾವ ಕೋಟು ಹಾಕಿಕೊಳ್ಳಬೇಕು, ಎಷ್ಟು ಮಾತಾಡಬೇಕು, ಎಲ್ಲಿ ಸುಮ್ಮನಿರಬೇಕು, ಇವೇ. ಪ್ರತಿಭೆ ಬಳ್ಳಿಯಿದ್ದಂತೆ, ಚಪ್ಪರ ಸಿಗದಿದ್ದರೆ ನೆಲದಲ್ಲೇ ಕೊಳೆಯುತ್ತದೆ ಎಂಬುದು ಆಕೆಯ ಮಾತಿನ ಸಾರ. ಕಾಗದದ ಅಂಚಿನಲ್ಲಿ ಅವನ ಅಕ್ಕ ಪುಟ್ಟ ಅಕ್ಷರಗಳಲ್ಲಿ ಒಂದು ಸಾಲು ಸೇರಿಸುತ್ತಿದ್ದಳು. ಅಮ್ಮ ಹೇಳಿದಷ್ಟೆಲ್ಲ ಬಗ್ಗಬೇಡ, ಬೆನ್ನು ಹಾಗೇ ನಿಂತುಬಿಡುತ್ತದೆ ಎಂದು ಒಮ್ಮೆ ಬರೆದಿದ್ದಳು.

ಕನ್ನಡ ಸಂಘದ ಯುಗಾದಿ ಊಟಕ್ಕೆ ನಾವು ಅವನನ್ನೂ ಕರೆದುಕೊಂಡು ಹೋದೆವು. ಅಲ್ಲಿ ಅವನಿಗೆ ಸಿಕ್ಕವರು ನಗರದ ಆಚೆ ತುದಿಯ ಊರು ಹರ್ನ್‌ಡನ್ನಿನ ಅಂಕಲ್. ಸರ್ಕಾರಿ ಕಾಂಟ್ರ್ಯಾಕ್ಟುಗಳಲ್ಲಿ ಚೆನ್ನಾಗಿ ಬೆಳೆದು, ಕಲೆ-ಸಾಹಿತ್ಯಕ್ಕೆಂದು ಒಂದು ಪ್ರತಿಷ್ಠಾನ ಇಟ್ಟುಕೊಂಡಿದ್ದವರು. ಮೊದಲ ಸಾಲಿನ ನಡುವಿನ ಕುರ್ಚಿ ಎಲ್ಲ ಕಾರ್ಯಕ್ರಮದಲ್ಲೂ ಅವರದೇ. ಹುಡುಗ ಲೇಖಕನೆಂದು ತಿಳಿದು ಅವರ ಮುಖ ಅರಳಿತು. ತಮ್ಮ ಜೀವನಚರಿತ್ರೆ ಬರೆಯಲು ಅವರು ಆಗ ಜನ ಹುಡುಕುತ್ತಿದ್ದರು. ಪ್ರತಿಷ್ಠಾನದಿಂದ ಅವನಿಗೊಂದು ಸ್ಥಾನ ಮಾಡಿ, ವೀಸಾಕ್ಕೆ ಬೇಕಾದ ಪತ್ರವನ್ನೂ ಕೊಡೋಣ, ಅಷ್ಟರಲ್ಲಿ ಈ ಸಣ್ಣ ಕೆಲಸಕ್ಕೆ ಕೈಜೋಡಿಸಲಿ ಎಂದರು.

ಆಮೇಲೆ ಶನಿವಾರಗಳೆಲ್ಲ ಹರ್ನ್‌ಡನ್ನಿಗೆ ಹೋದವು. ಮೆಟ್ರೋದಲ್ಲಿ ಊರಿಡೀ ಸುತ್ತಿ, ಸ್ಟೇಷನ್ನಿನಿಂದ ಬಿಸಿಲಲ್ಲಿ ನಡೆದು ಹೋಗುತ್ತಿದ್ದ. ಅಂಕಲ್ ಹೇಳಿದ್ದನ್ನೆಲ್ಲ ಕೇಳಿ, ಒಣಕಲು ವಿವರಗಳಿಗೆ ಜೀವ ತುಂಬಿ ಬರೆಯುತ್ತಿದ್ದ. ಕಾದಂಬರಿ ನಿಂತಿತು. ಪತ್ರದ ವಿಷಯ ಎತ್ತಿದಾಗಲೆಲ್ಲ ಅಂಕಲ್ ನಗುತ್ತಾ ಕನ್ನಡದಲ್ಲೇ ‘ನೋಡೋಣ’ ಅನ್ನುತ್ತಿದ್ದರಂತೆ. ಅದರ ಅರ್ಥವನ್ನು ಅವನು ನನ್ನಲ್ಲಿ ಕೇಳಿದ. ಹೇಳಿದೆ. ತಮ್ಮಲ್ಲೂ ಇದೇ ಮಾತು ಇದೆ, ಅರ್ಥವೂ ಇದೇ ಎಂದ. ಆದರೆ ಅಮ್ಮನಿಗೆ ಬರೆಯುವಾಗ ‘ಮಾಡಿಕೊಡುತ್ತಾರೆ’ ಎಂದು ಬರೆದ. ಆಕೆ ಊರಿಗೆಲ್ಲ ಸಾರಿದರು. ಅಂಕಲ್ಲಿನ ಹೆಂಡತಿಗೆಂದು ತಮ್ಮ ಅತ್ತೆಯ ಕಾಲದ ಲೇಸಿನ ಮೇಜುಹಾಸು ಕಳಿಸಿದರು. ಕೊಡುವ ಮೊದಲು ಅವನು ಅದನ್ನು ನನಗೂ ತೋರಿಸಿದ.

ಆ ಮೇಜುಹಾಸನ್ನು ಮತ್ತೆ ನಾನು ನೋಡಿದ್ದು ಅಂಕಲ್ಲಿನ ಜೀವನಚರಿತ್ರೆ ಬಿಡುಗಡೆಯಾದ ದಿನ, ಅವರ ಮನೆಯ ಬೇಸ್‌ಮೆಂಟಿನಲ್ಲಿ. ಸಾಂಬಾರಿನ ಟ್ರೇಗಳ ಕೆಳಗೆ ಹಾಸಿದ್ದರು. ಲೇಸಿನ ತೂತುಗಳಲ್ಲಿ ಬೇಳೆ ಮೆತ್ತಿಕೊಂಡಿತ್ತು. ಹುಡುಗ ಅದನ್ನು ನೋಡಿ ಕಣ್ಣು ತಿರುಗಿಸಿದ. ಪುಸ್ತಕದಲ್ಲಿ ಬರೆದವರೆಂದು ಇದ್ದದ್ದು ಅಂಕಲ್ ಹೆಸರೊಂದೇ. ಕೃತಜ್ಞತೆಯ ಪುಟದಲ್ಲಿ ಊಟದ ಏರ್ಪಾಡು ಮಾಡಿದವರು, ಫೋಟೋ ತೆಗೆದವರು ಎಲ್ಲರೂ ಇದ್ದರು. ಅವನಿರಲಿಲ್ಲ.

ಜನ ಕರಗಿದ ಮೇಲೆ ನಾನೇ ಅವರ ಹತ್ತಿರ ಹೋದೆ. ಹುಡುಗ ನನ್ನ ಪಕ್ಕದಲ್ಲೇ ನಿಂತಿದ್ದ.

“ಅಂಕಲ್, ಆ ವೀಸಾ ಲೆಟರ್ ಏನಾಯ್ತು? ನೀವು ಮಾತು ಕೊಟ್ಟಿದ್ರಲ್ಲ.”

“ಮಾತು ಎಲ್ಲಿ ಕೊಟ್ಟೆನಮ್ಮಾ? ನೋಡೋಣ ಅಂದಿದ್ದೆ. ನೋಡಿದೆ, ಬೋರ್ಡ್‌ನಲ್ಲಿ ಒಪ್ಪಲಿಲ್ಲ.” ತಟ್ಟೆಯಿಂದ ಒಂದು ಬಾದಾಮಿ ಎತ್ತಿಕೊಂಡರು. “ಅವನಿಗೂ ಒಳ್ಳೇ ಪ್ರಾಕ್ಟೀಸ್ ಆಯ್ತು ಬಿಡು. ಹೇಳು ಅವನಿಗೆ.”

ಪ್ರತಿಷ್ಠಾನದ ಬೋರ್ಡೆಂದರೆ ಅವರು, ಅವರ ಹೆಂಡತಿ, ಅವರ ಮಗ. ನಾನು ಒಂದು ಪದವನ್ನೂ ಬಿಡದೆ ಹುಡುಗನಿಗೆ ಹೇಳಿದೆ. ಅವನು ಅಂಕಲ್ಲಿನ ಕೈ ಕುಲುಕಿ, ಊಟ ಚೆನ್ನಾಗಿತ್ತು ಎಂದ. ಅಮ್ಮ ಕಲಿಸಿದ ನಡವಳಿಕೆ...

ಊರಿಗೆ ಅವನು ನಿಜ ಬರೆಯಲಿಲ್ಲ. ಅಂಕಲ್ ಪ್ರವಾಸದಲ್ಲಿದ್ದಾರೆ, ಪತ್ರ ತಡವಾಗುತ್ತದೆ ಎಂದು ಬರೆದ. ಅದಕ್ಕೆ ಬಂದ ಉತ್ತರವನ್ನೂ ಅವನು ನಮ್ಮ ಮನೆಗೆ ತಂದು ಓದಿದ. ಆಕೆ ಎಲ್ಲಿಂದಲೋ ಅಂಕಲ್ಲಿನ ಹುಟ್ಟುಹಬ್ಬ ಯಾವಾಗೆಂದು ತಿಳಿದುಕೊಂಡಿದ್ದರು. ಹೂ ತೆಗೆದುಕೊಂಡು ಹೋಗು, ದೊಡ್ಡವರು ಮರೆತಿದ್ದರೆ ನೆನಪಿಸುವುದು ಚಿಕ್ಕವರ ಕೆಲಸ ಎಂದಿದ್ದರು. ಈ ಸಲ ಅಂಚಿನಲ್ಲಿ ಅಕ್ಕನ ಸಾಲಿರಲಿಲ್ಲ. ಹೋಗಬೇಡ ಎಂದು ನಾನು ಗೋಗರೆದೆ. ಅವನು ಹೋದ. ಬಾಗಿಲು ತೆರೆಯಲಿಲ್ಲವಂತೆ. ಕಾಲಿಂಗ್ ಬೆಲ್ಲಿನ ಕ್ಯಾಮೆರಾದೊಳಗಿಂದ ಅಂಕಲ್ಲಿನದೇ ದನಿ, ಅಲ್ಲೇ ಇಟ್ಟು ಹೋಗು ಎಂದಿತಂತೆ. ಅಮೆಜಾನಿನ ಡಬ್ಬಗಳ ಪಕ್ಕ ಹೂ ಇಟ್ಟು ಬಂದ.

ಕೆಲಸ ಮುಗಿಯಿತು, ವೀಸಾ ಮುಗಿಯಿತು, ಅವನು ಊರಿಗೆ ಮರಳಿದ. ಅಟ್ಲಾಂಟಾದ ಕೆಲಸ ಸಿಕ್ಕಿ ನಾವೂ ಇತ್ತ ಬಂದೆವು. ಹೋದ ತಿಂಗಳು ಹರ್ನ್‌ಡನ್ನಿನ ಅಂಕಲ್ ಇಲ್ಲಿನ ಕಾರ್ಯಕ್ರಮವೊಂದಕ್ಕೆ ಮುಖ್ಯ ಅತಿಥಿಯಾಗಿ ಬಂದು, ಯುವ ಲೇಖಕರ ಕೈ ಹಿಡಿಯಬೇಕಾದ ಅಗತ್ಯದ ಬಗ್ಗೆ ಮಾತಾಡಿದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾನು ಕೂತೇ ಇದ್ದೆ. ಬೆನ್ನು ನೋವಾ ಎಂದು ಪಕ್ಕದಾಕೆ ಕೇಳಿದಳು.

ಈ ಚಿಕೋರಿಯ ವಾಸನೆ ಎದ್ದ ದಿನವೇ ಹುಡುಗನಿಗೆ ಈಮೇಲ್ ಬರೆದೆ. ಅಮ್ಮ ಹೇಗಿದ್ದಾರೆ, ಏನು ಬರೆಯುತ್ತಿದ್ದೀಯ ಎಂದು ಕೇಳಿದೆ. ನಿನ್ನೆ ಉತ್ತರ ಬಂತು. ಒಂದು ವಿಮಾ ಕಚೇರಿಯಲ್ಲಿದ್ದಾನಂತೆ. ಅಮ್ಮ ಕಳೆದ ಚಳಿಗಾಲದಲ್ಲಿ ತೀರಿಕೊಂಡರಂತೆ, ಆ ಪತ್ರ ಬರುತ್ತದೆಂದು ಕೊನೆಯವರೆಗೂ ನಂಬಿದ್ದರಂತೆ. ನನ್ನ ಗಂಡ, ಮಗಳು ಕ್ಷೇಮವೆಂದು ಭಾವಿಸುತ್ತಾನೆ, ಅಲ್ಲಿ ಈ ವರ್ಷ ಮಳೆ ಹೆಚ್ಚು. ಇಷ್ಟೇ. ಬರವಣಿಗೆಯ ಪ್ರಶ್ನೆಗೆ ಉತ್ತರವೇ ಇಲ್ಲ. ಯಾವ ಕಚೇರಿಯಿಂದ ಯಾರು ಯಾರಿಗೆ ಬೇಕಾದರೂ ಬರೆಯಬಹುದಾದ ವಾಕ್ಯಗಳು. ಹಾಲು ಉಕ್ಕಿದ್ದೂ ಗೊತ್ತಾಗದಂತೆ ನನ್ನನ್ನು ಕೂರಿಸಿದವನು ಅವುಗಳಲ್ಲಿ ಎಲ್ಲೂ ಇರಲಿಲ್ಲ...

ತಾಯಿಯ ಬಗ್ಗೆ ಕೇಳಿ ದುಃಖವಾಯಿತು ಎಂದು ಬರೆದೆ. ಇಲ್ಲೂ ಮಳೆ ಇದೆ ಎಂದು ಸೇರಿಸಿ ಕಳಿಸಿದೆ.