ಕಾಪುವಿನಲ್ಲಿ, ಕಾಣದ ಅಲೆ

ಕಾಪುವಿನ ಕಡಲ ಬದಿಯ ಹೋಟೆಲಿನಲ್ಲಿ ಚಹಾ ಕುಡಿಯುತ್ತಾ, ಎದುರು ಕೂತಿದ್ದ ಬೋಟು ನಡೆಸುವ ಸದಾಶಿವಣ್ಣನನ್ನು ಕೇಳಿದೆ: "ದೊಡ್ಡ ಅಲೆ ಬರುವುದು ಮೊದಲೇ ಗೊತ್ತಾಗುತ್ತದಾ?"

"ಗಾಳಿ ಎದ್ದರೆ ಗೊತ್ತಾಗುತ್ತದೆ. ಮೊಬೈಲಿಗೆ ಎಚ್ಚರಿಕೆಯೂ ಬರುತ್ತದೆ. ಆದರೆ ಒಂಟಿಯಾಗಿ ಏಳುವ ಅಲೆ ಉಂಟಲ್ಲ, ಅದು ಹೇಳಿ ಬರುವುದಿಲ್ಲ."

ಹೋದ ವರ್ಷ ಅಂಥದ್ದೊಂದು ಅಲೆ ಅವರ ಬೋಟಿನ ಮೇಲೆ ಮುರಿದು ಬಿದ್ದಿತ್ತು. ಬಲೆ ಎಳೆಯುತ್ತಿದ್ದ ಅವರ ತಮ್ಮ ನೀರಿಗೆ ಬಿದ್ದವನು ಸಿಗಲೇ ಇಲ್ಲ. ಆ ದಿನ ಆಕಾಶ ತಿಳಿಯಾಗಿತ್ತಂತೆ.

"ನಿನಗೆ ಅಲೆ ಕಾಣಲಿಲ್ಲವಾ ಅಂತ ಅಮ್ಮ ಈಗಲೂ ಕೇಳುತ್ತಾರೆ."

"ಏನು ಹೇಳುತ್ತೀರಿ?"

"ಕಂಡಿತ್ತು, ಬೋಟು ತಿರುಗಿಸಲು ನಾನೇ ತಡ ಮಾಡಿದೆ ಅಂತ."

"ನಿಜವಾಗಿಯೂ ಕಂಡಿತ್ತಾ?"

"ಕಾಣಲೇ ಇಲ್ಲ ಮಾರಾಯ್ರೆ. ಆದರೆ ಅದು ಯಾರಿಗೂ ಕಾಣುವುದಿಲ್ಲ ಅಂದರೆ, ಅಮ್ಮ ನಾಳೆ ನನ್ನನ್ನು ಕಡಲಿಗೆ ಬಿಡುತ್ತಾರಾ?"