ಧರ್ಮಪಾಠದ ಮೊದಲ ಬಹುಮಾನ

ನಶ್ಯದ ವಾಸನೆ ಬಂದರೆ ಇಂದಿಗೂ ನನಗೆ ವಾಕರಿಕೆ ಬರುತ್ತದೆ. ಅದಕ್ಕೆ ಕಾರಣ ನಮ್ಮ ಕ್ರೈಸ್ತ ಸಭೆಯ ಹಿರಿಯರೊಬ್ಬರು.

ಐವತ್ತರ ದಶಕದ ಕೊನೆಯಲ್ಲಿ ನಾನು ತರೀಕೆರೆಯ ಒಂದು ಮಿಷನ್ ಶಾಲೆಯಲ್ಲಿ ಧರ್ಮಪಾಠ ಹೇಳಿಕೊಡುತ್ತಿದ್ದೆ. ಏಸುವಿನ ಬೋಧನೆ, ಸಭೆಯ ಚರಿತ್ರೆ, ಹೀಗೆ. ಕ್ಲಾಸಿನಲ್ಲಿ ಕ್ರೈಸ್ತ ಮಕ್ಕಳು ಬೆರಳೆಣಿಕೆಯಷ್ಟು. ಉಳಿದವರೆಲ್ಲ ಸುತ್ತಲಿನ ಹೊಲ, ತೆಂಗಿನ ತೋಟದವರ ಮಕ್ಕಳು. ನಮ್ಮವರು ಗಿಳಿಪಾಠ ಒಪ್ಪಿಸಿ ಆಕಳಿಸುತ್ತಿದ್ದರು. ಪ್ರಶ್ನೆ ಕೇಳುತ್ತಿದ್ದವಳು ಒಬ್ಬಳೇ, ಅಜ್ಜಂಪುರದ ಕಡೆಯ ರೈತನೊಬ್ಬನ ಮಗಳು. ಹಿಂದೆ ಯುರೋಪಿನಲ್ಲಿ ಪಾಪಕ್ಷಮೆಯ ಪತ್ರಗಳನ್ನು ದುಡ್ಡಿಗೆ ಮಾರುತ್ತಿದ್ದರು ಎಂದು ಪಾಠ ಮಾಡಿದ ದಿನ ಅವಳು ಎದ್ದು ನಿಂತು, “ಬಡವ್ರು ಏನ್ ಮಾಡ್ತಿದ್ರು ಟೀಚರ್?” ಎಂದಳು. ಅಂಥ ಹುಡುಗಿಯ ಓದನ್ನು ಎಂಟನೇ ಕ್ಲಾಸಿಗೇ ಬಿಡಿಸಲು ಅವಳ ಅಪ್ಪ ಹೊರಟಿದ್ದ. ನಾನು ಗೋಗರೆದ ಮೇಲೆ, “ಯಾವ್ದಾರ ಒಂದ್ರಲ್ಲಿ ಫಸ್ಟ್ ಬರ್ಲಿ, ಹೈಸ್ಕೂಲ್ ಓದಿಸ್ತೀನಿ” ಎಂದ.

ಆ ವರ್ಷ ಸುತ್ತಲಿನ ಶಾಲೆಗಳಿಗೆಲ್ಲ ಸೇರಿಸಿ ಧರ್ಮಪಾಠದ ಪರೀಕ್ಷೆ ಇಟ್ಟರು. ಅವಳು ಹಠ ಹಿಡಿದು ಓದಿದಳು. ಉತ್ತರಪತ್ರಿಕೆಗಳನ್ನು ತಿದ್ದಿದವಳು ನಾನೇ. ಅವಳೇ ಮೊದಲು, ಅದರಲ್ಲಿ ಎರಡು ಮಾತಿಲ್ಲ.

ಪರೀಕ್ಷೆಯ ಕಮಿಟಿಗೆ ಮುಖ್ಯಸ್ಥರಾಗಿದ್ದ ಆ ಹಿರಿಯರು ನನ್ನನ್ನು ಕರೆಸಿದರು. ನಶ್ಯ ಮೆತ್ತಿದ ಬೆರಳಿಗೆ ಎಂಜಲು ಹಚ್ಚಿಕೊಂಡು ಅವಳ ಪತ್ರಿಕೆಯ ಹಾಳೆ ತಿರುವುತ್ತ, “ಚೆನ್ನಾಗೇ ಬರ್ದಿದಾಳೆ, ಇಲ್ಲ ಅನ್ನಲ್ಲ. ಆದ್ರೆ ವಿಶ್ವಾಸ ಇಲ್ದವಳಿಗೆ ಬಹುಮಾನ ಕೊಟ್ರೆ ಸಭೆಯವರು ಏನಂತಾರಮ್ಮ?” ಎಂದರು.

“ಪರೀಕ್ಷೆ ಇಟ್ಟಿದ್ದು ಪಾಠಕ್ಕೆ, ವಿಶ್ವಾಸಕ್ಕಲ್ಲ” ಎಂದೆ.

“ಹಂಗಾದ್ರೆ ದೀಕ್ಷಾಸ್ನಾನ ತಗೊಂಡು ನಮ್ಮ ಸಭೆಗೆ ಸೇರ್ಲಿ. ನಾಳೆನೇ ಕೊಟ್ಬಿಡೋಣ” ಎಂದು ನಕ್ಕರು.

ಪಾಪಕ್ಷಮೆ ಮಾರಿದವರೇ ಈ ಮನುಷ್ಯನಿಗಿಂತ ವಾಸಿ, ಅವರು ಬರೀ ದುಡ್ಡು ಕೇಳುತ್ತಿದ್ದರು. ಕೊನೆಗೆ ಅವಳ ಅಂಕ ತಿದ್ದಿ ಕಡಿಮೆ ಮಾಡಲು ಹೇಳಿದರು. ನಾನು ಸುತರಾಂ ಒಪ್ಪದೆ ಎದ್ದು ಬಂದೆ.

ಬಹುಮಾನ ವಿತರಣೆ ಕಡೂರಿನಲ್ಲಿ ನಡೆಯಿತು. ಅವಳ ಅಪ್ಪ, ಒಗೆದ ರುಮಾಲು ಸುತ್ತಿಕೊಂಡು ಮಗಳ ಜೊತೆ ಬಂದಿದ್ದ. ಮೊದಲ ಬಹುಮಾನಕ್ಕೆ ಮೈಕಿನಲ್ಲಿ ಕೂಗಿದ್ದು ಹಿರಿಯರ ಮೊಮ್ಮಗನ ಹೆಸರು. ಏಸುವಿನ ಹನ್ನೆರಡು ಜನ ಶಿಷ್ಯರನ್ನು ಏಳು ಜನ ಎಂದು ಬರೆದಿದ್ದ ಮಹಾನುಭಾವ! ನಿಜ ಗೊತ್ತಿದ್ದ ಕಮಿಟಿಯವರೂ ಚಪ್ಪಾಳೆ ತಟ್ಟಿದರು. ನನಗೆ ಅಸಹ್ಯವಾಯಿತು. ಎದ್ದು ನಿಂತು, “ಇದು ಸುಳ್ಳು, ಮೊದಲು ಬಂದವಳು ಬೇರೆ” ಎಂದು ಕೂಗಿದೆ. ತಕ್ಷಣ ವೇದಿಕೆಯ ಮೇಲಿದ್ದವರು ಕೀರ್ತನೆ ಶುರು ಮಾಡಿದರು. ಸಭೆಯೆಲ್ಲ ದನಿಗೂಡಿಸಿತು. ನನ್ನ ಮಾತು ಮುಂದಿನ ಬೆಂಚಿಗೂ ಮುಟ್ಟಲಿಲ್ಲ.

ಅಷ್ಟರಲ್ಲಿ ಅಪ್ಪ ಮಗಳ ಕೈಹಿಡಿದು ಹೊರಟಿದ್ದ. ಬಸ್ ಸ್ಟ್ಯಾಂಡಿನವರೆಗೂ ಅವರ ಹಿಂದೆ ಓಡಿದೆ. ನಿಜವಾಗಿ ಮೊದಲು ಬಂದವಳು ಅವಳೇ ಎಂದು ಏದುಸಿರು ಬಿಡುತ್ತ ಹೇಳಿದೆ.

“ನೀವು ರಸ್ತೇಲಿ ನಿಂತ್ಕಂಡು ಹೇಳ್ತೀರ ತಾಯಿ. ಅವ್ರು ಮೈಕಲ್ಲಿ ಹೇಳಿದ್ರು” ಎಂದು ಅವನು ಬಸ್ಸು ಹತ್ತಿದ. ಅವಳ ಓದು ಅಲ್ಲಿಗೆ ಮುಗಿಯಿತು.

ಬಸ್ಸಿನ ಮೆಟ್ಟಿಲ ಮೇಲೆ ಅವಳು ಒಮ್ಮೆ ತಿರುಗಿದಳು. ಅಳುತ್ತಿರಲಿಲ್ಲ.

“ಕೃಪೆ ಅಂದ್ರೆ ಯೋಗ್ಯತೆ ಇಲ್ದೋರ್ಗೂ ಸಿಗೋದು ಅಂತ ನೀವೇ ಹೇಳ್ಕೊಟ್ರಲ್ಲ ಟೀಚರ್. ಆ ಹುಡುಗನಿಗೆ ಸಿಕ್ತು ಬಿಡಿ.”