ಗಾಡಿ ಮಲಗಿಸುವವರು

ಇವತ್ತು ಬೆಳಿಗ್ಗೆ ಅಂಗಡಿಯ ಷಟರ್ ಎತ್ತುವ ಹೊತ್ತಿಗೇ ಒಬ್ಬ ಬೈಕು ತಂದು ಕೀ ತಿರುಗಿಸಿದ. ಟ್ಯಾಂಕಿನೊಳಗಿಂದ ಕುಂಯ್ ಎಂದು ಒಂದು ಅಳು ಎದ್ದಿತು. ಮುಳಬಾಗಿಲಿನಲ್ಲಿ ಇಷ್ಟು ವರ್ಷ ಗ್ರೀಸಿನಲ್ಲಿ ಅದ್ದಿದ ಕೈ ನನ್ನದು. ಎಂಥ ಸದ್ದಿಗೂ ಬೆದರುವುದಿಲ್ಲ. ಈ ಒಂದನ್ನು ಕೇಳಿದರೆ ಮಾತ್ರ ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದು ಬರುತ್ತೇನೆ.

ನಿಮಗೆ ಗೊತ್ತಿರಬಹುದು, ಹೊಸ ಗಾಡಿಗಳಲ್ಲಿ ಪೆಟ್ರೋಲು ತಾನಾಗಿ ಇಳಿಯುವುದಿಲ್ಲ. ಟ್ಯಾಂಕಿನೊಳಗೆ ಪಂಪು ಕೂತು ತಳ್ಳುತ್ತದೆ. ಅದನ್ನು ತಂಪಾಗಿಡುವುದೂ ಪೆಟ್ರೋಲೇ. ಟ್ಯಾಂಕು ಒಣಗಿದರೆ ಕಾದು ಅಳುತ್ತದೆ. ಹಳೆಯ ಗಾಡಿಗಳ ಕಥೆಯೇ ಬೇರೆ. ಪೆಟ್ರೋಲು ಮುಗಿದರೆ ನಮ್ಮ ಕಡೆಯವರು ಗಾಡಿಯನ್ನು ಲಾಳ ಹೊಡೆಯುವ ಎತ್ತಿನಂತೆ ರಸ್ತೆಬದಿ ಮಲಗಿಸಿ, ಟ್ಯಾಂಕಿನ ಮೂಲೆಯಲ್ಲಿ ಉಳಿದ ಗುಟುಕನ್ನು ನಲ್ಲಿಯ ಕಡೆಗೆ ಹರಿಸಿ, ಎಬ್ಬಿಸಿ ಕಿಕ್ ಒದ್ದು ಹೊರಡುತ್ತಿದ್ದರು. ಅದೇ ದೊಡ್ಡ ಜಾಣತನವೆಂದು ನಾನೂ ಮಲಗಿಸಿದವನೇ. ಮಗ್ಗಿ ಮುಗಿಯುವ ಮೊದಲೇ ಸ್ಕೂಲು ಬಿಟ್ಟವನಿಗೆ ಜಂಬಪಡಲು ಇನ್ನೇನಿತ್ತು?

ಕುರುಡುಮಲೆ ಕಡೆಯ ಮಂಜನಿಗೆ ಈ ವಿದ್ಯೆ ಅಪ್ಪನಿಂದ ಬಂದಿತ್ತು. ನರಸಾಪುರದ ಫ್ಯಾಕ್ಟರಿಯಲ್ಲಿ ಅವನಿಗೆ ಕೆಲಸ. ಕಂಪನಿ ಬಸ್ಸು ತಪ್ಪಿದರೆ, ಮದುವೆಯಲ್ಲಿ ಮಾವ ಕೊಟ್ಟ ಹೊಸ ಗಾಡಿಯಲ್ಲಿ ಹೋಗುತ್ತಿದ್ದ. ಒಂದು ಸಲ ಸದ್ದು ಬರುತ್ತಿದೆಯೆಂದು ತಂದ. ಸ್ಕ್ರೂಡ್ರೈವರಿನ ತುದಿಯನ್ನು ಟ್ಯಾಂಕಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು ಕೇಳಿದೆ.

"ಪಂಪು ಉರೀತಾ ಐತೆ ಕಣೋ. ಟ್ಯಾಂಕು ಒಣಗಿಸಬ್ಯಾಡ."

"ಏನಣ್ಣಾ, ಗಾಡಿಗೂ ಬಾಣಂತಿ ಪಥ್ಯ ಹೇಳ್ತೀಯಾ! ನಮ್ಮಪ್ಪ ಜೀವಮಾನವೆಲ್ಲಾ ಮಲಗಿಸ್ಕೊಂಡೇ ಓಡಿಸ್ದ," ಎಂದು ನಕ್ಕು ಹೋದ. ನಗುವಾಗ ಒಳ್ಳೆಯ ಹುಡುಗ.

ಆಮೇಲೊಂದು ಮಂಜಿನ ಬೆಳಿಗ್ಗೆ, ಕೋಲಾರ ದಾಟಿದ ಮೇಲೆ ಹೈವೇಯಲ್ಲಿ ಗಾಡಿ ನಿಂತಿತು. ಅವನು ಅದನ್ನು ಅಂಚಿಗೆ ಮಲಗಿಸಿ ಬಗ್ಗಿದ್ದಾಗ ಲಾರಿ ಬಂತು. ಗಾಡಿಗೆ ಹ್ಯಾಂಡಲ್ ಸೊಟ್ಟಗಾಗಿದ್ದು ಬಿಟ್ಟರೆ ಏನೂ ಆಗಲಿಲ್ಲ.

ತಿಥಿ ಮುಗಿದ ಮೇಲೆ ಅವನ ತಾಯಿ ನಾರಾಯಣಮ್ಮ ಆ ಗಾಡಿಯನ್ನು ಗೂಡ್ಸ್ ಆಟೋದಲ್ಲಿ ಹಾಕಿಸಿಕೊಂಡು ಬಂದರು. ಜೊತೆಗೆ ಸೊಸೆ ಸುಧಾ, ತಲೆ ಎತ್ತುತ್ತಿರಲಿಲ್ಲ.

"ಇವರಪ್ಪ ಕೊಟ್ಟ ಗಾಡೀನೇ ನನ್ನ ಮಗನ್ನ ತಿಂತು. ಊರೆಲ್ಲಾ ಹಂಗೇ ಅಂತೈತೆ. ನೀನು ಬಿಚ್ಚಿ ನೋಡಿ ಹೇಳಪ್ಪ. ದೋಷ ಮೊದಲಿಂದ್ಲೇ ಇತ್ತು ಅಂದ್ರೆ ಇವಳನ್ನೂ ಗಾಡೀನೂ ಒಂದೇ ದಿನ ಶ್ರೀನಿವಾಸಪುರಕ್ಕೆ ಕಳಿಸ್ತೀನಿ."

ಅಲ್ಲಿ ಅವಳ ತವರು. ನನ್ನ ಒಂದು ಮಾತಿನ ಮೇಲೆ ಆ ಹುಡುಗಿಯ ಬಾಳು ನಿಂತಿತ್ತು. ಟ್ಯಾಂಕಿಗೆ ಪೆಟ್ರೋಲು ಸುರಿದು ಕೀ ತಿರುಗಿಸಿದೆ. ಹೊಟ್ಟೆ ತುಂಬಿದರೂ ಅಳು ನಿಲ್ಲಲಿಲ್ಲ. ಪಂಪನ್ನು ಹೊರಗೆ ತೆಗೆದೆ. ಜಾಲರಿಯಲ್ಲಿ ಕಸವಿಲ್ಲ, ವೈರಿಂಗ್ ಸರಿಯಿತ್ತು. ಒಳಗಿನ ಮೋಟಾರು ಮಾತ್ರ ಒಣಗಿ ತಿರುಗಿ ತಿರುಗಿ ಸವೆದಿತ್ತು. ಸುಳ್ಳು ಹೇಳಿ ತಾಯಿಯನ್ನು ಸಮಾಧಾನ ಮಾಡಬಹುದಿತ್ತು. ಆದರೆ ಯಂತ್ರದ ವಿಷಯದಲ್ಲಿ ನಾನು ಯಾರಿಗೂ ಸುಳ್ಳು ಹೇಳಿದವನಲ್ಲ.

"ಗಾಡೀಲಿ ದೋಷ ಇರ್ಲಿಲ್ಲ ಅಮ್ಮಾ. ಖಾಲಿ ಟ್ಯಾಂಕಲ್ಲಿ ಓಡ್ಸಿ ಓಡ್ಸಿ ಹಿಂಗಾಗೈತೆ."

ಸುಧಾ ಅಲ್ಲೇ ಕೂತು ಬಿಕ್ಕತೊಡಗಿದಳು. ನಾರಾಯಣಮ್ಮ ಆ ಪಂಪನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು. ಆಮೇಲೆ ಮನೆಯ ತೆಲುಗಿನಲ್ಲಿ, "ಅಟ್ಲಯಿತೇ ನೇನು ಎವರ್ನಿ ತಿಟ್ಟೇದಿ?" ಅಂದರು. ಹಾಗಾದರೆ ನಾನು ಯಾರನ್ನು ಬೈಯಲಿ? ಮಲಗಿಸುವುದನ್ನು ಕಲಿಸಿದ ಗಂಡ ತೀರಿ ವರ್ಷಗಳಾಗಿದ್ದವು, ಕಲಿತ ಮಗನೂ ಇಲ್ಲ. ಸೊಸೆಯನ್ನು ಕಳಿಸಲಿಲ್ಲ, ನಿಜ. ಆದರೆ ಅವತ್ತಿನಿಂದ ಆ ಮನೆಯಲ್ಲಿ ಬೈಗುಳವೂ ಇಲ್ಲ, ಮಾತೂ ಇಲ್ಲ.

ಇವತ್ತು ಬೆಳಿಗ್ಗೆ ಬಂದವನ ಗಾಡಿಗೆ ನಾನು ಸ್ಕ್ರೂಡ್ರೈವರ್ ಒತ್ತಲಿಲ್ಲ. ಟ್ಯಾಂಕಿನ ಮುಚ್ಚಳ ತೆಗೆದು ಗಾಡಿ ಅಲ್ಲಾಡಿಸಿದೆ. ಪೆಟ್ರೋಲು ಕುಲುಕುವ ಸದ್ದೇ ಇಲ್ಲ.

"ಬಿಡಣ್ಣಾ, ಮಲಗಿಸ್ಕೊಂಡು ಬಂಕ್ ತಂಕ ಹೋಗ್ತೀನಿ."

ಕೀ ಕಿತ್ತು ಜೇಬಿಗೆ ಹಾಕಿಕೊಂಡೆ. "ನೂಕ್ಕೊಂಡು ಹೋಗು. ಮುಚ್ಚಳಕ್ಕೆ ಬೀಗ ಹಾಕಿಲ್ಲ. ತುಂಬಿಸ್ಕೊಂಡು ಬಾ, ಕೀ ಕೊಡ್ತೀನಿ."

"ನಿನ್ನ ಕೊಬ್ಬಿಗೆ ಬೆಂಕಿ ಬೀಳ!" ಎನ್ನುತ್ತಾ ಬಿಸಿಲಿನಲ್ಲಿ ನೂಕಿಕೊಂಡು ಹೊರಟ. ತಿರುವು ದಾಟುವವರೆಗೂ ನನ್ನ ವಂಶವನ್ನೆಲ್ಲ ಬೈಯುತ್ತಿದ್ದ. ನಾನು ಬಾಗಿಲಲ್ಲೇ ನಿಂತು ಪೂರ್ತಿ ಕೇಳಿಸಿಕೊಂಡೆ.